ಆಸರೆ ಕೇಳುವ ಹೆಜ್ಜೆಗುರುತು

ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚಿ ತಿನ್ನುವ ಸಿನಿಮಾಗಳನ್ನು ಈಗ ನಮ್ಮ ಹಳ್ಳಿ ಹುಡುಗರೂ ಮೊಬೈಲಿನಲ್ಲಿ ನೋಡುತ್ತಾರೆ. ಝಾಂಬಿ ಸಿನಿಮಾ ಅಂತ ಅವಕ್ಕೆ ಹೆಸರು. ಕತೆ ಹೆಚ್ಚುಕಡಿಮೆ ಒಂದೇ. ಊರು ಹಾಳಾಗಿದೆ, ಸರಕಾರ ಮುರಿದುಬಿದ್ದಿದೆ, ನಾಲ್ಕಾರು ಜನ ಹೇಗೋ ಉಳಿದುಕೊಂಡಿದ್ದಾರೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸುದ್ದಿ ಬರುತ್ತದೆ. ಇಂಥ ಕಡೆ ಬನ್ನಿ, ಇಲ್ಲಿ ಗೋಡೆ ಇದೆ, ಅನ್ನ ಇದೆ, ಬಂದೂಕಿನ ಕಾವಲಿದೆ ಅಂತ. ಹೋಗಬೇಕೋ ಬೇಡವೋ ಎಂಬುದೇ ಉಳಿದ ಕತೆ. 2002ರಲ್ಲಿ ಬಂದ '28 ಡೇಸ್ ಲೇಟರ್' ಎಂಬ ಬ್ರಿಟಿಷ್ ಸಿನಿಮಾದಲ್ಲಿ ಸೈನಿಕರು ರೇಡಿಯೋದಲ್ಲಿ ಹೀಗೆ ಕರೆಯುತ್ತಾರೆ. ನಂಬಿ ಹೋದವರಿಗೆ ಅಲ್ಲಿ ಗೊತ್ತಾಗುವುದು, ಆ ಕರೆ ಹೆಂಗಸರನ್ನು ಹಿಡಿದಿಟ್ಟುಕೊಳ್ಳಲು ಒಡ್ಡಿದ ಬಲೆ ಎಂದು.

ಈ ಜಾತಿಯ ಸಿನಿಮಾಗಳಿಗೆ ದಾರಿ ಹಾಕಿಕೊಟ್ಟದ್ದು 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ತೆಗೆದ 'ನೈಟ್ ಆಫ್ ದ ಲಿವಿಂಗ್ ಡೆಡ್'. ಅದರ ನಾಯಕ ಕರಿಯ. ಒಂದು ರಾತ್ರಿಯಿಡೀ ಒಂಟಿ ಮನೆಯೊಂದರಲ್ಲಿ ಬಾಗಿಲಿಗೆ ಹಲಗೆ ಬಡಿದು ಹೋರಾಡಿ ಅವನೊಬ್ಬನೇ ಉಳಿಯುತ್ತಾನೆ. ಬೆಳಗಾಗುತ್ತದೆ, ಬಂದೂಕು ಹಿಡಿದ ಬಿಳಿಯರ ದಂಡು ಬರುತ್ತದೆ. ಅವರು ಬಂದಿದ್ದು ಜನರನ್ನು ಕಾಪಾಡಲಿಕ್ಕೆ. ಕಿಟಕಿಯಲ್ಲಿ ನಿಂತ ಅವನನ್ನು ಅವರೇ ಗುಂಡಿಟ್ಟು ಕೊಲ್ಲುತ್ತಾರೆ. ಹೆಣಗಳಿಂದ ತಪ್ಪಿಸಿಕೊಂಡವನು ಕಾಪಾಡಲು ಬಂದವರ ಕೈಯಲ್ಲಿ ಸಾಯುತ್ತಾನೆ. ಹುಡುಗರ ಕಾಲಹರಣದ ಸಿನಿಮಾ ಎಂದು ನಾವು ತಳ್ಳಿಹಾಕುವ ಈ ಕತೆಯೊಳಗೆ ಒಂದು ನಿಜ ಇದೆ. ಬಲಿಯಾದವರಿಗೆ ಶತ್ರು ಎಷ್ಟು ಅಪಾಯಕಾರಿಯೋ ಆಸರೆಯೂ ಅಷ್ಟೇ ಅಪಾಯಕಾರಿ ಆಗಬಹುದು.

ಝಾಂಬಿ ಎಂಬ ಮಾತೇ ಗುಲಾಮರದು. ಆಫ್ರಿಕಾದ ಕಾಂಗೋ ಸೀಮೆಯ ಭಾಷೆಗಳಿಂದ ಹೊರಟು, ಫ್ರೆಂಚರ ಕಬ್ಬಿನ ತೋಟಗಳಿದ್ದ ಹೈಟಿ ದ್ವೀಪದಲ್ಲಿ ಬೆಳೆದ ಮಾತು ಅದು. ಅಲ್ಲಿ ಗುಲಾಮರಿಗೆ ಒಂದೇ ಒಂದು ಆಸೆ ಉಳಿದಿತ್ತು. ಸತ್ತರೆ ಆತ್ಮವಾದರೂ ತಾಯ್ನಾಡಿಗೆ ಮರಳಬಹುದು ಎಂಬ ಆಸೆ. ಸತ್ತ ಮೇಲೂ ಮರಳಲಾಗದೆ, ಆತ್ಮ ಕಳಕೊಂಡ ಬರೀ ಮೈಯಾಗಿ, ಯಾರದೋ ತೋಟದಲ್ಲಿ ದುಡಿಯುತ್ತಲೇ ಇರಬೇಕಾದವನು ಝಾಂಬಿ. ಅಂದರೆ ಆ ಜನ ಹೆದರಿದ್ದು ಹೆಣ ತಮ್ಮನ್ನು ಕಚ್ಚೀತೆಂದಲ್ಲ, ಸತ್ತರೂ ಜೀತ ತಪ್ಪದೇನೋ ಎಂದು. ಅದೇ ಗುಲಾಮರು 1791ರಲ್ಲಿ ದಂಗೆ ಎದ್ದು 1804ರಲ್ಲಿ ಸ್ವತಂತ್ರ ಹೈಟಿ ಕಟ್ಟಿದರು. ಮುಂದೆ ಅಮೆರಿಕದ ಸಿನಿಮಾ ಅವರ ಭಯವನ್ನು ಕದ್ದು, ಒಡೆಯನನ್ನು ಕತೆಯಿಂದ ಹೊರಗಿಟ್ಟು, ಗುಲಾಮನನ್ನೇ ಭೂತ ಮಾಡಿತು. ಶೋಷಣೆ ಮಾಡಿದವನು ಮಾಯವಾಗಿ ಶೋಷಣೆಗೆ ಸಿಕ್ಕವನೇ ರಾಕ್ಷಸನಾಗುವ ಈ ಕಲೆ ನಮಗೆ ಹೊಸದಲ್ಲ. ನಮ್ಮ ಪುರಾಣಗಳನ್ನು ಓದಿದವರಿಗೆ ಇದು ಚೆನ್ನಾಗಿ ಗೊತ್ತು.

ಈ ಮಾತಿಗೂ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಉತ್ತರ ಕನ್ನಡದ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳು ಓಡಿಬಂದವರ ಸೀಮೆ. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಆಫ್ರಿಕಾ ಮೂಲದ ಸಿದ್ದಿಗಳು ಇಲ್ಲಿ ಬಂದು ಸೇರಿದರು. ಪಶ್ಚಿಮ ಮಹಾರಾಷ್ಟ್ರದ ಘಟ್ಟಗಳಿಂದ ಎಮ್ಮೆ ಹೊಡಕೊಂಡು ಗೌಳಿಗಳು ಬಂದರು. ಜೋಯಿಡಾದ ಕಾಡಿನಲ್ಲಿ ಕುಣಬಿಗಳು ಗೆಡ್ಡೆಗೆಣಸು ಬೆಳೆದು ಬದುಕಿದರು. ಚೀನದ ಸೈನ್ಯಕ್ಕೆ ಸಿಕ್ಕ ಟಿಬೆಟ್ಟಿನಿಂದ ಓಡಿಬಂದವರಿಗೆ 1966ರಲ್ಲಿ ಮುಂಡಗೋಡದಲ್ಲಿ ನೆಲೆ ಸಿಕ್ಕಿತು. ಇವರೆಲ್ಲ ಉಳಿದುಕೊಂಡವರು. ಇವರಲ್ಲಿ ಒಬ್ಬೊಬ್ಬರಿಗೂ ಯಾರೋ ಒಬ್ಬರು ಇಲ್ಲಿ ಬನ್ನಿ ಎಂದಿದ್ದಾರೆ, ಇಲ್ಲವೇ ಈ ಕಾಡೇ ಬಾ ಎಂದಿದೆ. ಆ ಮಾತನ್ನು ನಂಬಬಹುದಿತ್ತೇ ಎಂದು ಇವರ ಚರಿತ್ರೆಯನ್ನೇ ಕೇಳಿ ನೋಡೋಣ.

ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅಲ್ಲಿಂದ ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ತೀರದಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರು. ಪಲ್ಲಕ್ಕಿ ಹೊರಲು, ಕೊಡೆ ಹಿಡಿಯಲು, ಅಡಿಗೆ ಮಾಡಲು, ಒಡೆಯನ ಹಾಸಿಗೆಗೆ ಬೀಳಲು ಈ ಜನ ಬೇಕಾಗಿದ್ದರು. ಚರಿತ್ರೆಯ ಪುಸ್ತಕದಲ್ಲಿ ಆಫ್ರಿಕಾ ಮೂಲದವರೆಂದರೆ ಅಹಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಸಿಗುತ್ತಾನೆ, ಜಂಜೀರಾದ ಸಿದ್ದಿ ನವಾಬರು ಸಿಗುತ್ತಾರೆ. ಗೋವೆಯ ಅಡಿಗೆಮನೆಯಿಂದ ರಾತ್ರೋರಾತ್ರಿ ಓಡಿ ಘಟ್ಟ ಹತ್ತಿದ ಹೆಂಗಸು ಸಿಗುವುದಿಲ್ಲ. ಆಳಿದವರಿಗೆ ಬಖರು ಬರೆಯುವವರಿದ್ದರು. ಓಡಿಬಂದವಳಿಗೆ ಬರೆಯುವವರಿರಲಿ, ಬರೆಸಿಕೊಂಡರೆ ಪ್ರಾಣಕ್ಕೇ ಅಪಾಯ.

ಈ ಮಾತನ್ನು ಇಲ್ಲಿ ನಿಂತು ಯೋಚಿಸಬೇಕು. ತಪ್ಪಿಸಿಕೊಂಡ ಗುಲಾಮ ಮಾಡುವ ಮೊದಲ ಕೆಲಸ ಯಾವುದು? ತನ್ನ ಹೆಜ್ಜೆಗುರುತು ಅಳಿಸುವುದು. ಹೆಸರು ಬದಲಿಸುತ್ತಾನೆ, ಭಾಷೆ ಬಿಡುತ್ತಾನೆ, ಎಲ್ಲಿಂದ ಬಂದೆ ಎಂದರೆ ಗೊತ್ತಿಲ್ಲ ಎನ್ನುತ್ತಾನೆ. ಅವನ ಮಕ್ಕಳಿಗೂ ಅದೇ ಪಾಠ. ಎರಡು ಮೂರು ತಲೆಮಾರಿನಲ್ಲಿ ಆ 'ಗೊತ್ತಿಲ್ಲ' ನಿಜವೇ ಆಗಿಬಿಡುತ್ತದೆ. ಸಿದ್ದಿಗಳಿಗೆ ತಮ್ಮ ಮೂಲವೇ ಗೊತ್ತಿಲ್ಲ ಎಂದು ಪಂಡಿತರು ಕನಿಕರದಿಂದ ಬರೆಯುತ್ತಾರೆ. ಅದು ಅಜ್ಞಾನ ಅಲ್ಲ, ಬದುಕುಳಿಯುವ ಜಾಣತನ. ಎಲ್ಲರೂ ಓಡಿಬಂದವರೇ ಎಂದೇನೂ ಅಲ್ಲ. ಕೆಲವರನ್ನು ಘಟ್ಟದ ಮೇಲಿನವರಿಗೆ ಮಾರಿದ್ದೂ ಉಂಟು, ಕೆಲವರು ಬಿಡುಗಡೆಯಾದ ಮೇಲೆ ಬಂದದ್ದೂ ಉಂಟು. ಆದರೆ ಯಾವ ದಾರಿಯಲ್ಲಿ ಬಂದರೂ ಅವರ ಕೈಯಲ್ಲಿ ಕಾಗದ ಇರಲಿಲ್ಲ.

ಇದೇ ಗಡಿಯಲ್ಲಿ ಎದುರು ದಿಕ್ಕಿಗೆ ಓಡಿದವನೂ ಒಬ್ಬನಿದ್ದ. ಸೋದೆಯ ಅರಸ. ಹೈದರಾಲಿಯ ಸೈನ್ಯ ಸೋದೆಯ ಮೇಲೆ ಬಿದ್ದಾಗ, 1764ರ ಸುಮಾರಿಗೆ, ಅರಸ ಇಮ್ಮಡಿ ಸದಾಶಿವ ಘಟ್ಟ ಇಳಿದು ಗೋವೆಗೆ ಹೋಗಿ ಪೋರ್ಚುಗೀಸರ ಮರೆ ಹೊಕ್ಕ. ಗುಲಾಮರು ಯಾರಿಂದ ಓಡಿಬರುತ್ತಿದ್ದರೋ ಅವರ ಬಳಿಗೇ ರಾಜ ಓಡಿಹೋದ. ಅವನಿಗೆ ಮನೆ ಸಿಕ್ಕಿತು, ವರ್ಷಾಶನ ಸಿಕ್ಕಿತು. ಬದಲಿಗೆ ಘಟ್ಟದ ಕೆಳಗಿನ ಫೋಂಡಾ, ಕಾಣಕೋಣದಂಥ ಸೀಮೆಗಳನ್ನು ಕಾಪಾಡುವ ಹೆಸರಿನಲ್ಲಿ ಪೋರ್ಚುಗೀಸರು ವಶ ಮಾಡಿಕೊಂಡರು. ಕಾಪಾಡುತ್ತೇವೆಂದವರು ಹಿಂದಿರುಗಿಸಲಿಲ್ಲ. 1791ರ ಒಪ್ಪಂದದಲ್ಲಿ ಆ ನೆಲ ಕಾಯಂ ಆಗಿ ಅವರದೇ ಆಯಿತು. ರಾಜನಿಗೂ ಆಸರೆ ಪುಕ್ಕಟೆ ಸಿಗಲಿಲ್ಲ ಎಂಬುದು ನಿಜ. ಆದರೆ ರಾಜನಿಗೆ ಕೊಡಲು ನೆಲ ಇತ್ತು. ಗುಲಾಮನಿಗೆ ಕೊಡಲು ಇದ್ದದ್ದು ಮೈ ಒಂದೇ. ಘಟ್ಟದ ಮೇಲಿನ ಒಡೆಯರು ಅದನ್ನೇ ತೆಗೆದುಕೊಂಡರು.

1843ರಲ್ಲಿ ಬ್ರಿಟಿಷರ ಕಾಯ್ದೆಯೊಂದು ಬಂತು. ಗುಲಾಮ ನನ್ನ ಸ್ವತ್ತು ಎಂದು ಯಾರೂ ಇನ್ನು ಮೇಲೆ ಕಂಪನಿಯ ನ್ಯಾಯಾಲಯದಲ್ಲಿ ಹಕ್ಕು ಸಾಧಿಸುವಂತಿಲ್ಲ ಎಂದಿತು. ಪೋರ್ಚುಗೀಸರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ತೆಗೆದುಹಾಕುವ ಆಜ್ಞೆ ಹೊರಡಿಸಿದ್ದು 1869ರಲ್ಲಿ. ಅಂದರೆ ಈ ನಡುವಿನ ಇಪ್ಪತ್ತಾರು ವರ್ಷ, ಇವತ್ತಿನ ಜೋಯಿಡಾದ ಪಡುಗಡೆಯ ಗಡಿ ದಾಟಿದವನು ಕಾಯ್ದೆಯ ಪ್ರಕಾರ ಸ್ವತಂತ್ರ. ಕಾಯ್ದೆಯ ಪ್ರಕಾರ ಅಷ್ಟೆ. ಹೊಟ್ಟೆಗೆ? ನೆಲ ಇಲ್ಲ, ದನ ಇಲ್ಲ, ಬೀಜ ಇಲ್ಲ. ಒಡೆಯರ ಮನೆ ಬಾಗಿಲಿಗೆ ಹೋದ. ಮದುವೆಗೆಂದೋ ಕಾಯಿಲೆಗೆಂದೋ ನಾಲ್ಕು ಕಾಸು ಮುಂಗಡ ತಗೊಂಡ. ಆ ಸಾಲ ತೀರಲಿಲ್ಲ, ಅಪ್ಪನ ಸಾಲ ಮಗನ ಹೆಗಲಿಗೆ ಬಂತು. ಗುಲಾಮಗಿರಿ ಎಂಬ ಹೆಸರು ಹೋಗಿ ಜೀತ ಎಂಬ ಹೆಸರು ಬಂತು. ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1976ರಲ್ಲಿ. ಜೀತವಿಮುಕ್ತಿ ಕಾಯ್ದೆ ಬಂದದ್ದೂ ಅದೇ 1976ರಲ್ಲಿ. ಗೋವೆಯಿಂದ ತಪ್ಪಿಸಿಕೊಂಡವರ ಮೊಮ್ಮಕ್ಕಳನ್ನು ಬಿಡಿಸಲು ಸ್ವತಂತ್ರ ಭಾರತಕ್ಕೂ ಒಂದು ಕಾಯ್ದೆ ಬೇಕಾಯಿತು.

ಹಾಗಾದರೆ ಆ ಕಾಡೇನು ಮಾಡಿತು? ಕಾಡು ನಿಜಕ್ಕೂ ಕಾಪಾಡಿತು. ಅದನ್ನು ಮರೆಯಬಾರದು. ಜೇನು, ಗೆಣಸು, ಬಿದಿರು, ಬೇಟೆ ಕೊಟ್ಟಿತು. ಹುಡುಕಿಕೊಂಡು ಬಂದವರ ಕಣ್ಣಿಗೆ ಮರೆ ಕೊಟ್ಟಿತು. 1858-59ರಲ್ಲಿ ಸೂಪಾದ ಕಾಡುಗಳಲ್ಲಿ ಬ್ರಿಟಿಷರ ವಿರುದ್ಧ ನಡೆದ ಬಂಡಾಯದಲ್ಲಿ ಫಡ್ನೀಸ ಸಹೋದರರ ಜೊತೆಗೆ ಸಿದ್ದಿ ಬಸ್ತ್ಯಾಂವ ಎಂಬ ನಾಯಕನೂ ಇದ್ದ. ಅಡಗಿಕೊಳ್ಳಲು ಬಂದವರು ತಿರುಗಿ ನಿಂತದ್ದೂ ಉಂಟು ಎಂಬುದಕ್ಕೆ ಅವನ ಹೆಸರು ಸಾಕ್ಷಿ. ನಮ್ಮ ಶಾಲೆಯ ಪುಸ್ತಕಗಳಲ್ಲಿ 1857ರ ಬಗ್ಗೆ ಪುಟಗಟ್ಟಲೆ ಇದೆ. ಬಸ್ತ್ಯಾಂವನಿಗೆ ಒಂದು ಸಾಲೂ ಕಷ್ಟ.

ಆದರೆ ಕಾಡಿಗೂ ಒಡೆಯ ಬಂದ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯಿಂದ ಕಾಡು ಸರಕಾರದ ಸ್ವತ್ತಾಯಿತು. ಹಳಿಯಾಳ, ದಾಂಡೇಲಿಯ ಸಾಗವಾನಿ ಸರಕಾರಕ್ಕೆ ಬೇಕು, ಕುಮರಿ ಬೇಸಾಯ ಬೇಡ. ಘಟ್ಟದ ಮೇಲೆ ಅಡಿಕೆ ತೋಟ ಇದ್ದವರಿಗೆ ಮಾತ್ರ ಸೊಪ್ಪಿನ ಬೆಟ್ಟ ಎಂಬ ಸವಲತ್ತು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡಿನ ಸೊಪ್ಪು ಸೌದೆಯ ಹಕ್ಕು. ತೋಟ ಇದ್ದವನಿಗೆ ಒಂಬತ್ತು ಪಾಲು ಕಾಡು, ಆ ಸೊಪ್ಪನ್ನು ಹೊತ್ತು ತಂದು ತೋಟಕ್ಕೆ ಹಾಕುವವನಿಗೆ ಒಂದು ಗುಂಟೆಯೂ ಇಲ್ಲ. ಇದ್ದವನ ಹೆಸರು ದಫ್ತರದಲ್ಲಿತ್ತು, ಹೊತ್ತವನ ಹೆಸರು ಇರಲಿಲ್ಲ. ಲೆಕ್ಕ ಅಷ್ಟೇ ಸರಳ.

1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆ ಜಾರಿಗೆ ತಂದಾಗ ಉಳುವವನೇ ಹೊಲದೊಡೆಯ ಎಂಬ ಮಾತು ಈ ಘಟ್ಟದಲ್ಲೂ ಕೇಳಿತು. ನಿಜವಾಗಿ ಅನೇಕ ಗೇಣಿದಾರರಿಗೆ ನೆಲ ಸಿಕ್ಕಿತು. ಏಳನೇ ನಂಬರ್ ಫಾರಂ ತುಂಬಬೇಕು, ಟ್ರಿಬ್ಯೂನಲ್ಲಿನ ಮುಂದೆ ಗೇಣಿ ಸಾಬೀತು ಮಾಡಬೇಕು. ಜೀತದವನು ಗೇಣಿದಾರನಲ್ಲವಲ್ಲ! ಉತ್ತಿದ್ದು ಅವನೇ, ಆದರೆ ಕಾಯ್ದೆಯ ಕಣ್ಣಿಗೆ ಅವನು ಉಳುವವನಲ್ಲ, ಮನೆಯಾಳು.

ಇಲ್ಲಿ ಸ್ವಲ್ಪ ದೂರ ಹೋಗಿ ಬರಬೇಕು. ಗೋವೆಯನ್ನು ಹಿಡಿದಿದ್ದ ಇದೇ ಪೋರ್ಚುಗೀಸರು ಬ್ರೆಜಿಲಿನಲ್ಲೂ ಕಬ್ಬಿನ ತೋಟಕ್ಕೆ ಆಫ್ರಿಕಾದ ಗುಲಾಮರನ್ನು ತಂದಿದ್ದರು. ಅಲ್ಲಿಯೂ ಗುಲಾಮರು ತಪ್ಪಿಸಿಕೊಂಡು ಕಾಡು ಸೇರಿದರು. ಆದರೆ ಅಲ್ಲಿ ಒಬ್ಬೊಬ್ಬರಾಗಿ ಉಳಿಯಲಿಲ್ಲ. ಪಾಲ್ಮಾರೆಸ್ ಎಂಬ ಹೆಸರಿನಲ್ಲಿ ಊರುಗಳನ್ನೇ ಕಟ್ಟಿದರು, ಹದಿನೇಳನೇ ಶತಮಾನದ ಬಹುಪಾಲು ಸೈನ್ಯಗಳನ್ನು ಎದುರಿಸಿ ನಿಂತರು. 1678ರಲ್ಲಿ ಪೋರ್ಚುಗೀಸ್ ಗವರ್ನರ್ ಸಂಧಾನಕ್ಕೆ ಕರೆದ. ಕುಕಾವು ಎಂಬ ಕಣಿವೆಯಲ್ಲಿ ನಿಮಗೆ ನೆಲ ಕೊಡುತ್ತೇವೆ, ಅಲ್ಲಿ ಬಂದು ಸುಖವಾಗಿರಿ. ಒಂದೇ ಷರತ್ತು. ಪಾಲ್ಮಾರೆಸ್ಸಿನಲ್ಲಿ ಹುಟ್ಟಿದವರಿಗೆ ಬಿಡುಗಡೆ, ಹೊರಗಿನಿಂದ ಓಡಿಬಂದವರನ್ನು ಮಾತ್ರ ಒಡೆಯರಿಗೆ ತಿರುಗಿ ಒಪ್ಪಿಸಬೇಕು. ಹಿರಿಯ ನಾಯಕ ಗಂಗಾ ಝುಂಬಾ ಒಪ್ಪಿಕೊಂಡು ತನ್ನವರೊಂದಿಗೆ ಕುಕಾವಿಗೆ ಹೋದ. ಕಿರಿಯ ನಾಯಕ ಝುಂಬಿ ಒಪ್ಪಲಿಲ್ಲ. ಎರಡೇ ವರ್ಷದಲ್ಲಿ ಗಂಗಾ ಝುಂಬಾ ಸತ್ತ, ಕುಕಾವಿಗೆ ಹೋದವರು ಮತ್ತೆ ಗುಲಾಮರಾದರು. ಝುಂಬಿ ಇನ್ನೂ ಹದಿನೈದು ವರ್ಷ ಹೋರಾಡಿ 1695ರ ನವೆಂಬರ್ 20ರಂದು ಕೊಲೆಯಾದ. ಇವತ್ತು ಆ ದಿನ ಬ್ರೆಜಿಲಿನಲ್ಲಿ ಕರಿಯರ ಪ್ರಜ್ಞೆಯ ದಿನ, ರಾಷ್ಟ್ರೀಯ ರಜೆ. ಝುಂಬಿ ಎಂಬ ಆ ಹೆಸರೂ ಝಾಂಬಿ ಎಂಬ ಮಾತೂ ಒಂದೇ ಬೇರಿನವು ಎಂದು ಹಲವರು ಹೇಳುತ್ತಾರೆ. ಒಂದು ಸತ್ತರೂ ಬಿಡದ ಜೀತದ ಹೆಸರು, ಇನ್ನೊಂದು ಸುಳ್ಳು ಆಸರೆಯನ್ನು ಒದ್ದವನ ಹೆಸರು.

ಆ ಷರತ್ತನ್ನು ಇನ್ನೊಮ್ಮೆ ಓದಬೇಕು. ಇಲ್ಲೇ ಹುಟ್ಟಿದವನಿಗೆ ಜಾಗ ಉಂಟು, ಓಡಿಬಂದವನಿಗೆ ಇಲ್ಲ. ಆಸರೆ ಎನ್ನುವುದು ಯಾರಿಗೆ ಬೇಕೋ ಅವನೇ ಅದಕ್ಕೆ ಅನರ್ಹ. ಇದು ಎಲ್ಲೋ ಮುನ್ನೂರು ವರ್ಷದ ಹಿಂದೆ ಬ್ರೆಜಿಲಿನಲ್ಲಿ ಮುಗಿದುಹೋದ ಮಾತಲ್ಲ. ನಮ್ಮ ಅರಣ್ಯ ಕಚೇರಿಯ ಕಡತ ಬಿಚ್ಚಿದರೆ ಇದೇ ಮಾತು ತಾರೀಖಿನ ವೇಷದಲ್ಲಿ ಕೂತಿದೆ. ಕಾಡಿನ ಜಮೀನು ಸಕ್ರಮ ಆಗಬೇಕಾದರೆ 1978ರ ಏಪ್ರಿಲ್ 27ಕ್ಕೆ ಮೊದಲೇ ಉಳುತ್ತಿದ್ದೆ ಎಂದು ತೋರಿಸು. 2006ರ ಅರಣ್ಯ ಹಕ್ಕು ಕಾಯ್ದೆ ಬಂತು, ಅದು ದೊಡ್ಡ ಹೋರಾಟದ ಫಲ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಅದರಲ್ಲೂ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿದ್ದೆ ಎಂದು ತೋರಿಸು. ಪರಿಶಿಷ್ಟ ಪಂಗಡ ಆಗಿದ್ದರೆ ಇಷ್ಟು ಸಾಕು. ಅಲ್ಲದಿದ್ದರೆ ಮೂರು ತಲೆಮಾರು, ಎಪ್ಪತ್ತೈದು ವರ್ಷ ಇಲ್ಲೇ ಇದ್ದೆ ಎಂದು ತೋರಿಸು. ಹೆಜ್ಜೆಗುರುತು ಅಳಿಸಿಕೊಂಡು ಬಂದು ಬದುಕಿದವನನ್ನು ಆಸರೆ ಕೇಳುವ ಮೊದಲ ಪ್ರಶ್ನೆಯೇ ಇದು: ನಿನ್ನ ಹೆಜ್ಜೆಗುರುತು ತೋರಿಸು.

ಪರಿಶಿಷ್ಟ ಪಂಗಡದ ಪಟ್ಟಿಯ ಕತೆಯೂ ಹೀಗೇ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಕಡೆ ಹಂಚಿಹೋಗಿದ್ದ ಸಿದ್ದಿಗಳು 1980ರ ದಶಕದಲ್ಲಿ ಒಂದಾಗಿ ಸಂಘ ಕಟ್ಟಿ, ಅರ್ಜಿ ಕೊಟ್ಟು, ಮೆರವಣಿಗೆ ಮಾಡಿ, ಕೊನೆಗೆ 2003ರಲ್ಲಿ ಉತ್ತರ ಕನ್ನಡದ ಮಟ್ಟಿಗೆ ಪಟ್ಟಿಗೆ ಸೇರಿದರು. ಪಕ್ಕದ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಸೇರಲು 2020ರವರೆಗೆ ಕಾಯಬೇಕಾಯಿತು. ಹಳಿಯಾಳದ ಗಡಿಯ ಈಚೆಗೆ ಬುಡಕಟ್ಟು, ಆಚೆಗೆ ಅಲ್ಲ! ಅದೇ 2003ರಲ್ಲಿ ಗೋವೆಯ ಕುಣಬಿಗಳು ಪರಿಶಿಷ್ಟ ಪಂಗಡವಾದರು, ಜೋಯಿಡಾದ ಕುಣಬಿಗಳು ಆಗಲಿಲ್ಲ. ಒಂದೇ ಕಾಡು, ಒಂದೇ ಮಾತು, ಒಂದೇ ಬೆಟ್ಟದ ಎರಡು ಮಗ್ಗುಲು. ಆ ಮಗ್ಗುಲಿನವನಿಗೆ ಬಾಗಿಲು ತೆರೆಯಿತು, ಈ ಮಗ್ಗುಲಿನವನು ಮನವಿ ಹಿಡಿದು ಅಲೆದ. ಗೌಳಿಗಳದ್ದೂ ಅದೇ ಪಾಡು. ಎಮ್ಮೆಯ ಹಿಂದೆ ನಡೆದವನು ಎಪ್ಪತ್ತೈದು ವರ್ಷದ ಕಾಗದ ಎಲ್ಲಿಂದ ತರಬೇಕು? 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ಎಬ್ಬಿಸಿ ಎಂದು ಆದೇಶ ಕೊಟ್ಟಾಗ ಇಡೀ ದೇಶದ ಕಾಡಿನ ಜನ ನಡುಗಿದರು. ಎರಡು ವಾರದಲ್ಲಿ ಅದಕ್ಕೆ ತಡೆ ಬಂತು. ಹಾಡಿಗಳಲ್ಲಿ ಒಲೆ ಉರಿದದ್ದು ಆ ತಡೆಯ ಮೇಲೆ.

ಗುರುತು ತೋರಿಸು ಎನ್ನುವವರು ಮೈಯನ್ನೂ ಬಿಡಲಿಲ್ಲ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಲ್ಲಿ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿಕೊಂಡು ಹೋಯಿತು. ಆಫ್ರಿಕಾದ ಮೈ, ಓಡುತ್ತಾರೆ, ಪದಕ ತರುತ್ತಾರೆ ಎಂಬ ಲೆಕ್ಕ. ಓಡಿದರು, ಪದಕವನ್ನೂ ತಂದರು. 1993ರಲ್ಲಿ ಯೋಜನೆ ನಿಂತುಹೋಯಿತು. ಬಾಗಿಲು ತೆರೆದವರೇ ಮುಚ್ಚಿದರು, ಹುಡುಗರು ಕೂಲಿಗೆ ತಿರುಗಿ ಬಂದರು. 2011ರಲ್ಲಿ ವಿಜ್ಞಾನಿಗಳು ಸಿದ್ದಿಗಳ ರಕ್ತದಲ್ಲಿ ಆಫ್ರಿಕಾ, ಭಾರತ, ಯುರೋಪು ಮೂರರ ಗುರುತನ್ನೂ ಕಂಡು ಬರೆದರು. ಯುರೋಪಿನ ಗುರುತು ಹೇಗೆ ಬಂತೆಂದು ಗೋವೆಯ ಅಡಿಗೆಮನೆಯಿಂದ ಓಡಿದ ಹೆಂಗಸನ್ನು ಕೇಳಿದ್ದರೆ ಹೇಳುತ್ತಿದ್ದಳು.

ಇನ್ನು ಮುಂಡಗೋಡ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆ ಸಾವಿರಾರು ಜನ ಹಿಮ ದಾಟಿ ಬಂದರು. ಅಂದಿನ ಮೈಸೂರು ಸರಕಾರ ಮೊದಲು ಬೈಲಕುಪ್ಪೆಯಲ್ಲಿ, ಆಮೇಲೆ 1966ರಲ್ಲಿ ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಕಾಡು ಕೊಟ್ಟಿತು. ಲಾಸಾದ ಹತ್ತಿರವಿದ್ದ ಗಂದೆನ್, ದ್ರೆಪುಂಗ್ ಮಹಾಮಠಗಳು ಇಲ್ಲಿ ಮರುಹುಟ್ಟು ಪಡೆದವು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕಾಯಿಲೆ ಬಿದ್ದು ಉಳಿದ ಭಿಕ್ಷುಗಳು ಇಲ್ಲಿ ಮರ ಕಡಿದು, ಜೋಳ ಬಿತ್ತಿ, ಓದು ಮುಂದುವರಿಸಿದರು. ಪಕ್ಕದಲ್ಲೇ ಶತಮಾನಗಳಿಂದ ಇದ್ದ ಸಿದ್ದಿಗೆ, ಗೌಳಿಗೆ ಒಂದೆಕರೆಗೂ ಕೇಸು ಬೀಳುವಾಗ ಹೊರಗಿನಿಂದ ಬಂದವರಿಗೆ ನಾಲ್ಕು ಸಾವಿರ ಎಕರೆ ಎಂದು ಗೊಣಗುವವರಿದ್ದಾರೆ. ಆ ಗೊಣಗಾಟ ನಮಗೆ ಬೇಡ. ಓಡಿಬಂದವನೊಬ್ಬನಿಗೆ ಕೊಟ್ಟದ್ದು ತಪ್ಪಲ್ಲ, ಓಡಿಬಂದ ಇನ್ನೊಬ್ಬನಿಗೆ ಕೊಡದಿದ್ದದ್ದು ತಪ್ಪು. ಒಬ್ಬ ನಿರಾಶ್ರಿತನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವುದು ಒಡೆಯರ ಹಳೇ ಹುನ್ನಾರ.

ನಾವು ಕಲಿಯಬೇಕಾದ್ದು ಬೇರೆ ಇದೆ. ಟಿಬೆಟಿಯನ್ನರು ಒಬ್ಬೊಬ್ಬರಾಗಿ ಯಾರದೋ ಮನೆ ಬಾಗಿಲಿಗೆ ಹೋಗಲಿಲ್ಲ. ಗುಂಪಾಗಿ ಬಂದರು, ತಮ್ಮದೇ ಆಡಳಿತ, ತಮ್ಮದೇ ಶಾಲೆ, ತಮ್ಮದೇ ಸಹಕಾರಿ ಸಂಘ ಇಟ್ಟುಕೊಂಡು ಬಂದರು. ಅವರ ಪರವಾಗಿ ಸರಕಾರದ ಜೊತೆ ಮಾತಾಡುವ ಬಾಯಿ ಇತ್ತು. ಅದಕ್ಕೇ ಅವರ ಆಸರೆ ಜೀತ ಆಗಲಿಲ್ಲ. ಆದರೂ ಕೀಲಿ ಅವರ ಕೈಯಲ್ಲಿಲ್ಲ. ನೆಲ ಅವರ ಒಡೆತನದ್ದಲ್ಲ, ಗುತ್ತಿಗೆಯದು. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. ಕಾಯ್ದೆಯ ಭಾಷೆಯಲ್ಲಿ ಅವರು ನಿರಾಶ್ರಿತರೂ ಅಲ್ಲ, ವಿದೇಶಿಯರು. ನೋಂದಣಿ ಪತ್ರ ಹಿಡಿದು ಕಾಲಕಾಲಕ್ಕೆ ನವೀಕರಿಸಬೇಕು. ಇಲ್ಲಿಯೂ ತಾರೀಖು ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಪ್ರಜೆ. ಅದನ್ನು ಒಪ್ಪಿಸಲಿಕ್ಕೂ ಕೋರ್ಟು ಹತ್ತಬೇಕಾಯಿತು, 2013ರಲ್ಲಿ ಕರ್ನಾಟಕ ಹೈಕೋರ್ಟು ಹಾಗೆಂದು ತೀರ್ಪು ಕೊಟ್ಟಿತು. ಹಿಮ ದಾಟಿ ಬಂದ ತಾಯಿಗೆ ಆ ಹಕ್ಕಿಲ್ಲ, ಇಲ್ಲಿ ಹುಟ್ಟಿದ ಮಗನಿಗೆ ಇದೆ. ಕುಕಾವಿನ ಷರತ್ತಿನ ನೆರಳು ಇಲ್ಲಿಯೂ ಬಿದ್ದಿದೆ.

ಇಷ್ಟೆಲ್ಲ ಆಗಿ, ಸಿಕ್ಕ ಆಸರೆಯಾದರೂ ಉಳಿಯಿತೇ? 1956ರಲ್ಲಿ ದಾಂಡೇಲಿ ವನ್ಯಧಾಮ ಆಯಿತು. ಅದೇ ಕಾಲಕ್ಕೆ, 1955ರಲ್ಲಿ, ವೆಸ್ಟ್ ಕೋಸ್ಟ್ ಕಾಗದ ಕಂಪನಿ ಹುಟ್ಟಿ 1959ರಲ್ಲಿ ದಾಂಡೇಲಿಯಲ್ಲಿ ಉತ್ಪಾದನೆ ಶುರು ಮಾಡಿತು. ಪ್ರಾಣಿಗೆ ಕಾಡು, ಗಿರಣಿಗೆ ಬಿದಿರು. ಬುಟ್ಟಿ ಹೆಣೆಯುವವರು ಸಂತೆಯಲ್ಲಿ ಬಿದಿರಿಗೆ ಕೊಡುತ್ತಿದ್ದ ಬೆಲೆಗೂ ಗಿರಣಿಗೆ ಸರಕಾರ ಬಿಟ್ಟುಕೊಟ್ಟ ಬೆಲೆಗೂ ಇದ್ದ ಅಜಗಜಾಂತರವನ್ನು ಮಾಧವ ಗಾಡ್ಗೀಳರು ಎಳೆಎಳೆಯಾಗಿ ಬರೆದಿದ್ದಾರೆ. 1970-80ರ ದಶಕಗಳಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ನೀರಿನಡಿ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು, ಜನರಲ್ಲಿ ಅನೇಕರು ರಾಮನಗರಕ್ಕೆ. ಕರೆಂಟು ಪಟ್ಟಣಗಳಿಗೆ ಹರಿಯಿತು. ನೀರಿನಲ್ಲಿ ಮುಳುಗಿದ್ದು ಮನೆ ಅಷ್ಟೇ ಅಲ್ಲ. ಎಪ್ಪತ್ತೈದು ವರ್ಷ ಇಲ್ಲಿದ್ದೆವು ಎಂದು ತೋರಿಸಬಹುದಾಗಿದ್ದ ಬಾವಿ, ಗೋರಿ, ದೇವರಕಲ್ಲು, ಮಾವಿನ ಮರ ಎಲ್ಲ ಮುಳುಗಿತು. ಗುರುತನ್ನು ಸರಕಾರವೇ ಮುಳುಗಿಸಿ, ಆಮೇಲೆ ಗುರುತು ಎಲ್ಲಿ ಎಂದು ಸರಕಾರವೇ ಕೇಳಿತು.

2007ರಲ್ಲಿ ದಾಂಡೇಲಿ-ಅಣಶಿ ಹುಲಿ ಮೀಸಲು ಆಯಿತು, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಹುಲಿ ಉಳಿಯಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಹುಲಿಯ ಜೊತೆ ನೂರಾರು ವರ್ಷ ಬಾಳಿದವರು ಕುಣಬಿಗಳು, ಗೌಳಿಗಳೇ ಹೊರತು ರೆಸಾರ್ಟಿನವರಲ್ಲ. ಈಗ ಕಾಡಿನೊಳಗಿನ ಮನೆಗಳಿಗೆ ಹೊಸ ಕರೆ ಬಂದಿದೆ. ಹೊರಗೆ ಬನ್ನಿ, ಕುಟುಂಬಕ್ಕೆ ಇಷ್ಟು ಲಕ್ಷ, ರಸ್ತೆ ಬದಿಯಲ್ಲಿ ಬದುಕು. 2008ರಲ್ಲಿ ಹತ್ತು ಲಕ್ಷ ಇದ್ದದ್ದು 2021ರಲ್ಲಿ ಹದಿನೈದು ಲಕ್ಷ ಆಗಿದೆ. ಆಸ್ಪತ್ರೆ ಇಲ್ಲ, ರಸ್ತೆ ಇಲ್ಲ, ಮಕ್ಕಳಿಗೆ ಶಾಲೆ ದೂರ, ಹೊರಡುತ್ತೇವೆ ಎನ್ನುವವರು ಇದ್ದಾರೆ. ಅವರ ಮೇಲೆ ಕಾಡಿನ ಪ್ರೇಮದ ಉಪದೇಶ ಸುರಿಯುವ ಹಕ್ಕು ಪೇಟೆಯಲ್ಲಿ ಕೂತ ಯಾರಿಗೂ ಇಲ್ಲ. ಆದರೆ ಒಂದು ಮಾತು ಅವರಿಗೆ ಗೊತ್ತಿರಬೇಕು. 2006ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯ ಪ್ರಕಾರ ಮೊದಲು ಕಾಡಿನ ಮೇಲಿನ ಹಕ್ಕು ತೀರ್ಮಾನವಾಗಬೇಕು, ಆಮೇಲೆ ಮನಸ್ಸಿದ್ದರೆ ಮಾತ್ರ ಸ್ಥಳಾಂತರ. ಹಕ್ಕುಪತ್ರ ಕೈಗೆ ಬಂದ ಮೇಲೆ ಹೊರಡುವವನು ಮಾರಿ ಹೊರಡುತ್ತಾನೆ. ಹಕ್ಕುಪತ್ರ ಇಲ್ಲದೆ ಹೊರಟವನು ಇನ್ನೊಂದು ಸಲ ಓಡಿಬಂದವನಾಗುತ್ತಾನೆ.

ಹಾಗಾದರೆ ಉಳಿದವರು ಆಸರೆಯನ್ನು ನಂಬಬೇಕೋ ಬೇಡವೋ? ನಂಬಿಕೆಯ ಮಾತೇ ಇಲ್ಲಿ ತಪ್ಪು. ಬೆನ್ನ ಹಿಂದೆ ನಾಯಿ ಬಿಟ್ಟಿರುವಾಗ ಎದುರಿಗೆ ಕಂಡ ಬಾಗಿಲನ್ನು ಪರೀಕ್ಷೆ ಮಾಡುತ್ತಾ ನಿಲ್ಲಲು ಯಾರಿಗೂ ಆಗುವುದಿಲ್ಲ. ಹೋಗಲೇಬೇಕು. ಕೇಳಬೇಕಾದ್ದು ಒಳಗೆ ಹೋದ ಮೇಲಿನ ಮಾತು. ಇಲ್ಲಿ ಯಾರ ಹೆಸರು ಬರೆದಿದೆ? ಬರೆಯುವವರು ಯಾರು? ನಾವು ಒಟ್ಟಿಗೆ ಇದ್ದೇವೋ ಬಿಡಿಬಿಡಿಯಾಗಿದ್ದೇವೋ? ಬೇಡವಾದರೆ ಹೊರಡಲು ಆಗುತ್ತದೋ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಹಳ್ಳಿಯನ್ನು ಹೊಗಳುವವರನ್ನು ತರಾಟೆಗೆ ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಹಳ್ಳಿಯೇ ಭಾರತದ ಆಸರೆ ಎಂದವರು ಕೇರಿಯನ್ನು ಊರಿನ ಹೊರಗೆ ಇಟ್ಟವರು. ನಮ್ಮ ಹೆಸರು ಇಲ್ಲದ ದಫ್ತರ ಇರುವ ಊರು, ಅದು ಎಷ್ಟೇ ಹಸುರಾಗಿರಲಿ, ನಮ್ಮ ಊರಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲೇ ಒಂದು ಕಿಂಡಿ ಇದೆ. ಅರ್ಜಿದಾರನಲ್ಲದ ಊರ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ. ಮನೆ, ಗುಡಿಸಲು, ಬಾವಿ, ಗೋರಿ, ದೇವರ ಜಾಗ ಇವೂ ಸಾಕ್ಷಿ. ಇಂಥದ್ದೇ ಕಾಗದ ತಾ ಎಂದು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಕಚೇರಿಯಲ್ಲಿ ಕೂತವರು ಇದನ್ನು ಓದಿ ಹೇಳುವುದಿಲ್ಲ, ನಾವೇ ಓದಿ ಹೇಳಬೇಕು. ಅರ್ಜಿಯನ್ನು ಮೊದಲು ತೂಗುವುದು ಗ್ರಾಮಸಭೆ. ಆ ಸಭೆಯಲ್ಲಿ ಸಿದ್ದಿ ಅಜ್ಜಿ ಕೂತು ತನ್ನ ಅತ್ತೆ ಎಲ್ಲಿ ಹೆತ್ತಳು, ಯಾವ ಮರದಡಿ ಹೂಳಿದರು, ಡಮಾಮಿ ಬಾರಿಸಿ ಹಿರಿಯರ ಪೂಜೆ ಎಲ್ಲಿ ಮಾಡುತ್ತಿದ್ದರು ಎಂದು ಹೇಳಿದರೆ, ಅದನ್ನು ಬರೆದು ಹೆಬ್ಬೆಟ್ಟು ಒತ್ತಿಸಿದರೆ, ಅದು ಗೋವೆಯಿಂದ ಬರುವಾಗ ಅಳಿಸಿಕೊಂಡ ಹೆಜ್ಜೆಯನ್ನು ತಿರುಗಿ ಊರಿದ ಹಾಗೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಸಿದ್ದಿಯೊಬ್ಬರು ಮೊದಲ ಸಲ ಆ ಕಟ್ಟಡದೊಳಗೆ ಸದಸ್ಯರಾಗಿ ಹೋದರು. ಒಳ್ಳೆಯದು. ಆದರೆ ನಾಮಕರಣ ಮಾಡಿದವರು ಬೇರೆಯವರು. ಗ್ರಾಮಸಭೆಯಲ್ಲಿ ಕೂರಲು ಯಾರೂ ನಾಮಕರಣ ಮಾಡಬೇಕಾಗಿಲ್ಲ.

ಸಿದ್ದಿ ಹೆಂಗಸರು ಹರಿದ ಸೀರೆ, ಹಳೇ ಅಂಗಿಯ ತುಂಡುಗಳನ್ನು ಸೇರಿಸಿ ಕವದಿ ಹೊಲಿಯುತ್ತಾರೆ. ಯಾರ ಸೀರೆಯ ತುಂಡು ಎಲ್ಲಿದೆ ಎಂದು ಅವರಿಗೆ ಗೊತ್ತು. ಹಳ್ಳಿಹಳ್ಳಿಯಲ್ಲಿ ಕೂತು ಹಿರಿಯರ ಮಾತುಗಳನ್ನು ಅದೇ ರೀತಿ ಜೋಡಿಸುವ ಕೆಲಸ ಬಾಕಿ ಇದೆ. ಓದು ಬಲ್ಲ ನಮ್ಮ ಹುಡುಗ ಹುಡುಗಿಯರು ಒಂದೊಂದು ನೋಟುಬುಕ್ಕು ಹಿಡಿದು ಹೊರಡಲಿ. ಮುದುಕರು ಬಹಳ ದಿನ ಕಾಯುವುದಿಲ್ಲ.